ನೀನು ತೋರಿಸಿದ ಸಮುದ್ರ

ಅಡ್ಯಾರ್, ಚೆನ್ನೈ
12 ಫೆಬ್ರವರಿ 2026, ಗುರುವಾರ

ಅಮ್ಮಾ,

ಪತ್ರ ಬರೆಯುವಾಗ ಮೊದಲು ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆಯಬೇಕು ಅಂತ ಕಲಿಸಿದವಳು ನೀನು. ಸ್ಕೂಲಿನಲ್ಲಿ ತಮಿಳು ಕಲಿತು ಬರುತ್ತಿದ್ದ ನನ್ನನ್ನು ವೆಸ್ಟ್ ಮಾಂಬಲಂ ಮನೆಯ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಹುರುಳಿಕಾಯಿ ಹೆಚ್ಚುತ್ತಲೇ ಸ್ಲೇಟಿನ ಮೇಲೆ ಕನ್ನಡ ತಿದ್ದಿಸಿದೆ. ಆ ಕನ್ನಡದಲ್ಲೇ ಇವತ್ತು ನಿನ್ನ ಜೊತೆ ಜಗಳಕ್ಕೆ ಕೂತಿದ್ದೇನೆ. ಕ್ಷೇಮದ ಮಾತು ಬಿಡು. ಫೋನಿನಲ್ಲಿ ಹೇಳೋಣವೆಂದರೆ ನೀನು ಎರಡನೇ ಮಾತಿಗೆ ಅಳುತ್ತೀಯ, ನಾನು ಮೂರನೇ ಮಾತಿಗೆ ಸುಮ್ಮನಾಗುತ್ತೇನೆ. ಕಾಗದ ಹಾಗಲ್ಲ, ನೀನು ಎಷ್ಟು ಅತ್ತರೂ ಅದು ಹೇಳುವುದನ್ನು ಹೇಳಿ ಮುಗಿಸುತ್ತದೆ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ಏಪ್ರಿಲ್‌ನಲ್ಲಿ ನನ್ನ ಬಾಣಂತನಕ್ಕೆ ನೀನು ಬರಬೇಡ. ಮೆಣಸು, ಹಿಪ್ಪಲಿ ಎಲ್ಲ ತರಿಸಿ ಪುಡಿ ಮಾಡಿಟ್ಟಿದ್ದೀಯ ಅಂತ ಅಪ್ಪ ಹೇಳಿದರು. ಅದನ್ನು ಯಾರಿಗಾದರೂ ಕೊಟ್ಟುಬಿಡು. ನಾನು ಒಬ್ಬ ಕೆಲಸದವಳನ್ನು ಗೊತ್ತು ಮಾಡಿಕೊಳ್ಳುತ್ತೇನೆ. ಅವಳಿಗೆ ನನ್ನ ಮೇಲೆ ಪ್ರೀತಿ ಇರುವುದಿಲ್ಲ, ಆದ್ದರಿಂದ ಸುಳ್ಳೂ ಹೇಳುವುದಿಲ್ಲ.

ಭಾನುವಾರ ನಿಮ್ಮ ಮನೆಯಲ್ಲಿ ನನಗೆ ಬಳೆ ತೊಡಿಸಿದಿರಿ. ಬಂದವರಿಗೆಲ್ಲ ನೀನು “ಚೊಚ್ಚಲ ಬಸಿರು, ಹರಸಿ” ಎನ್ನುತ್ತಿದ್ದೆ. ಎದುರುಮನೆಯ ಮಾಮಿ ಥಟ್ಟನೆ ತಲೆ ಎತ್ತಿ ನನ್ನ ಮುಖ ನೋಡಿದರು. ಮೂರು ವರ್ಷದ ಹಿಂದೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ನನಗೆ ಒಂದು ವಾರ ರಸಂ ಕಳಿಸಿದವರು ಅವರೇ ತಾನೆ. ನೀನು ಅವರ ಕಣ್ಣು ತಪ್ಪಿಸಿ ನನ್ನ ಜಡೆಗೆ ಮೊಳಗಟ್ಟಲೆ ಮಲ್ಲಿಗೆ ಮುಡಿಸಿದೆ. ಹಾಲು ಬತ್ತಲಿ ಎಂದು ಅದೇ ಮಲ್ಲಿಗೆಯನ್ನು ಅವತ್ತು ನನ್ನ ಎದೆಗೆ ಕಟ್ಟಿದವಳೂ ನೀನೇ. ಆ ವಾಸನೆಗೆ ನನಗೆ ಹೊಟ್ಟೆ ತೊಳೆಸಿತು. ಬಸುರಿಯ ವಾಕರಿಕೆ ಅಂದುಕೊಂಡು ನೀನು ಒಳಗಿನಿಂದ ನಿಂಬೆಹಣ್ಣು ತಂದುಕೊಟ್ಟೆ.

ಆಮೇಲೆ ಚಿಕ್ಕಮ್ಮ ಪಕ್ಕದಲ್ಲಿ ಕೂತು ಬಳೆ ಸರಿ ಮಾಡುತ್ತಿದ್ದಳು. ಶುಕ್ರವಾರ ಸಮುದ್ರಕ್ಕೆ ಹೋಗುವುದಿದೆ, ಅಷ್ಟರಲ್ಲಿ ಇವನ್ನು ತೆಗೆಯಬಹುದೇ ಎಂದು ಕೇಳಿದೆ. ಸಮುದ್ರಕ್ಕೆ ಯಾಕೆ ಅಂದಳು. ಮಗುವಿನ ಬೂದಿ ಬಿಟ್ಟದ್ದು ಅಲ್ಲಿ ಅಂತ ಹೇಳಿದೆ. ಪಾಪ, ಅವಳಿಗೇನು ಗೊತ್ತು, ಮೈಸೂರಿನಿಂದ ಅವತ್ತು ಬೆಳಿಗ್ಗೆ ತಾನೆ ಇಳಿದವಳು. “ಹಸುಗೂಸನ್ನ ಯಾರಾದ್ರೂ ಸುಡ್ತಾರೇನೆ? ಮಣ್ಣು ಮಾಡೋದಲ್ವಾ. ಕೀಲ್ಪಾಕ್ ಕಡೆ ಎಲ್ಲೋ ಮಾಡಿದ್ದು ಅಂತ ನಿಮ್ಮಮ್ಮಾನೇ ಹೇಳಿದ್ಳಲ್ಲ” ಅಂದುಬಿಟ್ಟಳು. ನೀನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚಿಕ್ಕಮ್ಮನಿಗೆ ಮಾತ್ರ, “ತೀರ್ಕೊಂಡ ಕೂಸಿನ ಜೊತೆ ತಾಯಿ ಹೆಸರು ಸೇರಿಸಿ ಆಡಬೇಡ ಕಣೆ, ಮುಂದಿನ ಬಸಿರಿಗೆ ತಟ್ಟತ್ತೆ” ಎಂದು ಗದರಿ ಒಳಗೆ ಹೋದೆ.

ಮೂರು ವರ್ಷ, ಅಮ್ಮ. ನನಗೆ ರಕ್ತ ನಿಲ್ಲದೆ ಎರಡು ದಿನ ಎಚ್ಚರವಿರಲಿಲ್ಲ. ಆ ಎರಡು ದಿನವೇ ಅವಳ ಆಯಸ್ಸು. ಕಣ್ಣು ಬಿಟ್ಟು ಮಗು ಎಲ್ಲಿ ಅಂದೆ. ನೀನು ನನ್ನ ಹಣೆ ಸವರಿ, ಅಪ್ಪ ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದರು, ಇನ್ನು ಹುಡುಕಬೇಡ ಅಂದೆ. ಮಣ್ಣಿಗಾದರೆ ಒಂದು ಗುರುತಿರುತ್ತದೆ, ಇವಳು ಹೋಗಿ ಕೂತುಬಿಡುತ್ತಾಳೆ, ಸಮುದ್ರದಲ್ಲಿ ಎಲ್ಲಿ ಅಂತ ಹುಡುಕಿಯಾಳು ಎಂದು ನಿನ್ನ ಲೆಕ್ಕಾಚಾರ. ಬ್ಯಾಂಕಿನಲ್ಲಿ ಊರವರ ಸಹಿಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡುವ ನಾನು ನಿನ್ನ ಮಾತನ್ನು ಕಣ್ಣು ಮುಚ್ಚಿ ನಂಬಿದೆ. ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮ ಫ್ಲಾಟಿನಲ್ಲಿ ಸಾವಿನ ಮಾತು ಬಂದಾಗಲೆಲ್ಲ ನೀನು ನನ್ನನ್ನು ಕೊತ್ತಂಬರಿ ಸೊಪ್ಪು ತರಲು ಅಂಗಡಿಗೆ ಕಳಿಸುತ್ತಿದ್ದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹೆರಿಗೆಯಾದ ಹದಿನೆಂಟನೇ ದಿನ, ನೀನು ಮಧ್ಯಾಹ್ನ ಮಲಗಿದ್ದಾಗ, ಆಟೋ ಹಿಡಿದು ಬೆಸೆಂಟ್ ನಗರದ ಬೀಚಿಗೆ ಹೋದೆ. ನಿನ್ನ ಮಲ್ಲಿಗೆಗೆ ನನ್ನ ಹಾಲು ಬಗ್ಗಿರಲಿಲ್ಲ, ರವಿಕೆಯೆಲ್ಲ ಒದ್ದೆಯಾಗಿತ್ತು. ನೀರಿನ ಅಂಚಿನಲ್ಲಿ ಕೂತು, ಸೆರಗು ಮರೆ ಮಾಡಿಕೊಂಡು, ಹಾಲನ್ನು ಸಮುದ್ರಕ್ಕೆ ಹಿಂಡಿದೆ. ಕಡಲೆ ಸುಂಡಲ್ ಮಾರುವ ಮುದುಕಿಯೊಬ್ಬಳು ನೋಡಿದಳು. ಏನೂ ಕೇಳದೆ, “ನಾ ನಿಕ್ಕಿರೇಮ್ಮಾ”, ನಾನು ನಿಂತಿರ್ತೀನಮ್ಮಾ, ಎನ್ನುತ್ತಾ ಬುಟ್ಟಿ ಹಿಡಿದು ಜನರಿಗೆ ಅಡ್ಡವಾಗಿ ನಿಂತಳು. ಹಾಲು ನಿಂತ ಮೇಲೆ ಪ್ಯಾಕೆಟ್ ಹಾಲು ಒಯ್ಯಲು ಶುರು ಮಾಡಿದೆ. ಪ್ರತಿ ಶುಕ್ರವಾರ ಬ್ಯಾಂಕ್ ಮುಗಿಸಿ, ಒಂದು ಲೋಟ. ಚಂಡಮಾರುತದ ಎಚ್ಚರಿಕೆ ಇದ್ದ ದಿನ ಪೊಲೀಸಿನವನು ತಡೆದ. ನನ್ನ ಮಗಳು ಒಳಗಿದ್ದಾಳೆ ಬಿಡಪ್ಪ ಅಂದೆ. ಅವನು ಗಾಬರಿಯಾಗಿ ವಿಸಿಲ್ ಊದಿ ನಾಲ್ಕು ಜನರನ್ನು ಸೇರಿಸಿದ. ಅವರಿಗೆ ತಿಳಿಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆ ನೀರಿಗೆ ನಾನು ಏನೇನು ಹೇಳಿಕೊಂಡಿದ್ದೇನೆ ಗೊತ್ತಾ? ಜ್ವರ ಬಂದದ್ದು, ಪ್ರಮೋಷನ್ ತಪ್ಪಿದ್ದು, ರಘುವಿನ ಜೊತೆ ಮಾತು ಬಿಟ್ಟದ್ದು. ನಿನಗೆ ತಂಗಿಯೋ ತಮ್ಮನೋ ಬರುತ್ತಿದೆ, ಬೇಜಾರು ಮಾಡಿಕೊಳ್ಳಬೇಡ ಎಂದು ಕೇಳಿಕೊಂಡಿದ್ದೇನೆ. ಅಲ್ಲಿ ಅವಳಿರಲೇ ಇಲ್ಲ. ಉಪ್ಪು ನೀರಿಗೆ ಹಾಲು ಸುರಿದು ಪೆದ್ದಿಯ ಹಾಗೆ ಮಾತಾಡಿಕೊಂಡು ಬಂದೆ. ನಿಜ ಗೊತ್ತಿದ್ದೂ ನೀವೆಲ್ಲ ಮುಚ್ಚಿಟ್ಟಿರಿ. ರಘುವನ್ನು ಕೇಳಿದೆ. ನಿಮ್ಮಮ್ಮ ಆಣೆ ಹಾಕಿಸಿಕೊಂಡಿದ್ದರು ಅಂದ. ಗಂಡನಾದವನು ಶುಕ್ರವಾರ ಶುಕ್ರವಾರ ನನ್ನ ಲೋಟ ತೊಳೆದಿಟ್ಟನೇ ಹೊರತು ಬಾಯಿ ಬಿಡಲಿಲ್ಲ. ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಮಾತ್ರ ಗೊತ್ತಿಲ್ಲ.

ಮಂಗಳವಾರ ರಜೆ ಹಾಕಿ ಹೋದೆ. ಹೌದು, ಏಳು ತಿಂಗಳ ಬಸುರಿ, ಸ್ಮಶಾನಕ್ಕೆ. ನಿನ್ನ ಸ್ವಂತ ಅಮ್ಮ ತೀರಿಕೊಂಡಾಗಲೂ ಹೆಂಗಸರು ಹೋಗಬಾರದೆಂದು ಬೀದಿ ತುದಿಯಿಂದ ಹಿಂದಿರುಗಿದವಳು ನೀನು. ನಿನ್ನ ಮಗಳು ಎರಡು ಬಸ್ಸು ಬದಲಿಸಿ ಹೋದಳು. ಒಂದು ಬೇವಿನ ಮರ, ಕಾಂಪೌಂಡ್ ಗೋಡೆ, ಹಿಂದೆ ರೈಲಿನ ಸದ್ದು. ಮಕ್ಕಳ ಜಾಗ ಅಂತ ಕಾವಲಿನವನು ಕೈ ತೋರಿಸಿದ. ಗುರುತು ಏನೂ ಇಲ್ಲ, ಬರೀ ಹುಲ್ಲು. ಐದು ನಿಮಿಷ ನಿಂತು ವಾಪಸು ಬಂದೆ.

ಸುಳ್ಳು ಹೇಳಿದ್ದನ್ನು ಒಂದು ದಿನ ನಾನು ನುಂಗಿಕೊಳ್ಳಬಹುದು. ಇನ್ನೊಂದು ಇದೆ, ಅದು ಗಂಟಲಲ್ಲಿ ಇಳಿಯುವುದಿಲ್ಲ. ಅವಳ ಮುಖ. ರಘು ನೋಡಿದ್ದು ಗಾಜಿನಾಚೆಯಿಂದ, ಮುಖದ ತುಂಬಾ ಟೇಪು, ನಳಿಕೆ. ನರ್ಸ್ ಅದನ್ನೆಲ್ಲ ತೆಗೆದ ಮೇಲೆ ಅವಳ ಮುಖ ಒರೆಸಿ, ನಿನ್ನ ಸೀರೆ ಹರಿದು ಸುತ್ತಿದವಳು ನೀನು ಅಂತ ಚಿಕ್ಕಮ್ಮ ಹೇಳಿದಳು. ಬೃಂದಾ ಏಳಲಿ, ಒಂದು ಸಲ ನೋಡಲಿ ಎಂದು ರಘು ಕೇಳಿಕೊಂಡನಂತೆ. ನೋಡಿದರೆ ಮರೆಯೋದಕ್ಕಾಗಲ್ಲ ಅಂದೆಯಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಮಾತು ಮಾತಿಗೆ ಹೇಳುತ್ತೀಯಲ್ಲ, ನನ್ನ ಹೆಗ್ಗಣದ ಮುಖವನ್ನು ನಾನು ನೋಡಲೇ ಇಲ್ಲ. ನೋಡದೆಯೂ ಮರೆಯಲಾಗಲಿಲ್ಲ.

ನಿನಗೆ ಅರವತ್ತೆಂಟು. ಬೀಪಿ ಮಾತ್ರೆ ನೆನಪಾದರೆ ತಗೊಳ್ಳುತ್ತೀಯ. ನಾಳೆ ನಿನಗೇನಾದರೂ ಆದರೆ ನನ್ನ ಮಗಳ ಮುಖ ನಿನ್ನ ಜೊತೆಯೇ ಹೋಗುತ್ತದೆ. ನಿನ್ನ ಮೇಲೆ ಇಷ್ಟು ಸಿಟ್ಟಿದ್ದೂ ನಿನ್ನ ಬಾಯಿಯನ್ನೇ ಕಾಯಬೇಕಲ್ಲ, ಇದೆಂಥ ಕರ್ಮ. ಅದಕ್ಕೇ ಕೇಳುತ್ತಿದ್ದೇನೆ. ಬರೆದು ಕಳಿಸು. ಕೂದಲಿತ್ತಾ? ಹಣೆ ಅಪ್ಪನ ಹಾಗೆ ಅಗಲವಾಗಿತ್ತಾ? ಕಿವಿ ಯಾರದ್ದು? ಕಣ್ಣು ಪೂರ್ತಿ ಮುಚ್ಚಿತ್ತಾ? ನನ್ನ ಸಮಾಧಾನಕ್ಕೆ ಅಂತ ಚೆಂದ ಮಾಡಿ ಬರೆಯಬೇಡ. ಕಂಡದ್ದನ್ನು ಕಂಡ ಹಾಗೆ ಬರೆ. ಬಾಣಂತನಕ್ಕೆ ಬರಬೇಡ ಅಂದೆನಲ್ಲ, ಆ ಮಾತು ನಿನ್ನ ಉತ್ತರ ಬರುವ ತನಕ.

ಎರಡು ಮಕ್ಕಳ ತಾಯಿ,
ಬೃಂದಾ

ತಾ.ಕ.: ನೂಲಿನಂತೆ ಸೀರೆ ಅನ್ನುತ್ತಾರೆ. ಮೇಲೆ ನಾನೂ ಒಂದು ಸುಳ್ಳು ಬರೆದಿದ್ದೇನೆ. ಐದು ನಿಮಿಷಕ್ಕೆ ವಾಪಸು ಬರಲಿಲ್ಲ. ದಿನಾಂಕ ಹೇಳಿದ್ದಕ್ಕೆ ಕಾವಲಿನವನು ಹಳೆಯ ನೋಟ್‌ಬುಕ್ ತೆಗೆದ. ಹೆಣ್ಣು ಮಗು, ಎರಡು ದಿನ. ತಾಯಿ: ನಾಗಮಣಿ. ತಪ್ಪಾಗಿದೆ, ಅದು ಅಜ್ಜಿಯ ಹೆಸರು ಅಂದೆ. ಅವನು ಒಪ್ಪಲಿಲ್ಲ. ಜೊತೆಯಲ್ಲಿ ಬಂದ ಯಜಮಾನರು, ಅಂದರೆ ಅಪ್ಪ, ಗೇಟಿನ ಹತ್ತಿರವೇ ಕುಸಿದು ಕೂತರಂತೆ. ವಯಸ್ಸಾದ ಹೆಂಗಸೊಬ್ಬಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಬಂದಳಂತೆ, ಹೆಂಗಸರು ಬರಬಾರದು ಅಂದರೂ ಕೇಳದೆ, ಗುಂಡಿ ಆಗುವ ತನಕ ಯಾರ ಕೈಗೂ ಕೊಡದೆ. ತಾಯಿ ಯಾರು ಎಂದು ಕೇಳಿದ್ದಕ್ಕೆ “ನಾನ್ ದಾನ್”, ನಾನೇ, ಅಂದಳಂತೆ. ಈ ವಯಸ್ಸಿನಲ್ಲಾ ಎಂದು ಅನ್ನಿಸಿತ್ತು, ಅದಕ್ಕೇ ನೆನಪಿದೆ ಅಂದ. ಇದನ್ನೂ ನನ್ನಿಂದ ಕಿತ್ತುಕೊಂಡೆಯಲ್ಲ ಎಂದು ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ನೀನು ಭಾನುವಾರ ಚಿಕ್ಕಮ್ಮನಿಗೆ ಗದರಿದ್ದು ನೆನಪಾಯಿತು. ನನ್ನ ಮುಂದಿನ ಬಸಿರಿಗೆ ತಟ್ಟುವುದನ್ನು ನಿನ್ನ ಹೆಸರಿಗೆ ಬರೆಸಿಕೊಂಡು ಬಂದಿದ್ದೀಯ. ನಾನು ಕೇಳಿದ್ದೆನೇ? ಪೆನ್ನು ಇಸಿದುಕೊಂಡು ನಿನ್ನ ಹೆಸರಿನ ಪಕ್ಕ ನನ್ನ ಹೆಸರು ಬರೆದೆ. ತಟ್ಟುವುದಿದ್ದರೆ ನನಗೇ ತಟ್ಟಲಿ. ನಿನ್ನ ಹೆಸರನ್ನು ಹೊಡೆದು ಹಾಕಲಿಲ್ಲ. ಏನೇನೋ ಅಂದುಕೊಳ್ಳಬೇಡ, ಅವನು ಪೆನ್ನು ವಾಪಸು ಕೇಳುತ್ತಿದ್ದ, ಅಷ್ಟೆ.