ಗಾಡಿ ಮಾರುವುದಿಲ್ಲ

ನಿಟ್ಟುವಳ್ಳಿ, ದಾವಣಗೆರೆ
೧೨ ಅಕ್ಟೋಬರ್ ೨೦೨೫, ಭಾನುವಾರ

ಸಿದ್ದೇಶ್ ಅವರಿಗೆ,

ಮೀನಾಕ್ಷಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿಮ್ಮ ಮನೆ ಬಿಟ್ಟು ಬಂದ ಏಳು ವರ್ಷದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಎದುರಿಗೆ ಬಂದು ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ನಾಲ್ಕು ಆಡುತ್ತೀರಿ. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ಎರಡು ವಾರದ ಹಿಂದೆ ಮೈದುನ ದಿನೇಶ್ ನಮ್ಮ ಬಸ್ ಡಿಪೋಗೆ ಬಂದಿದ್ದ. ನಾನು ಡ್ಯೂಟಿ ಮುಗಿಸಿ ಟಿಕೆಟ್ ಮಷಿನ್ ಒಪ್ಪಿಸುವವರೆಗೂ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಪಾಪ, ನಿಮ್ಮ ಮಾತನ್ನು ಹೊತ್ತು ತರುವುದು ಅವನಿಗೂ ಇಷ್ಟವಿರಲಿಲ್ಲ. ನಾನು ಕೊಂಡ ಹೊಸ ಬೈಕನ್ನು ಮಾರಬೇಕು, ಹರಿಹರದಲ್ಲಿ ಜನ ನಗುತ್ತಿದ್ದಾರೆ, ಮಾರಿದರೆ ಮನೆಗೆ ವಾಪಸ್ ಬರಬಹುದು, ಹಳೆಯದನ್ನೆಲ್ಲ ಮರೆಯೋಣ, ಎಂದು ನೀವು ಹೇಳಿಕಳಿಸಿದ್ದನ್ನು ನೆಲ ನೋಡಿಕೊಂಡೇ ಹೇಳಿದ. ನಿಮ್ಮ ಅಂಗಡಿ ಮುಂದೆ ನಾಲ್ಕು ಜನರೆದುರಿಗೆ ನೀವು ಆಡಿದ ಮಾತನ್ನು ಮಾತ್ರ ನುಂಗಿಕೊಂಡ. ನಾನೇ ಒತ್ತಾಯ ಮಾಡಿ ಹೇಳಿಸಿದೆ. "ಹಿಂದೆ ಸುಮ್ನೆ ಕೂರಾಕೇ ಬರದಾಕಿ, ಮುಂದೆ ಕೂತು ಏನು ಹೊಡೀತಾಳೆ?" ಅಂದಿರಂತೆ.

ಗಾಡಿ ಮಾರುವುದಿಲ್ಲ. ನಿಮ್ಮ ಮಾತಿಗೆ ನನ್ನ ಉತ್ತರ ಇಷ್ಟೇ. ಉಳಿದದ್ದು ಯಾಕೆ ಮಾರುವುದಿಲ್ಲ ಎನ್ನುವುದಕ್ಕೆ.

ಮಾರು ಅನ್ನುವ ಮೊದಲು ಗಾಡಿ ಹೇಗಿದೆ ಎಂದಾದರೂ ಕೇಳುತ್ತೀರಿ ಅಂದುಕೊಂಡಿದ್ದೆ. ರಸ್ತೆಯಲ್ಲಿ ಹೊಸ ಗಾಡಿ ಕಂಡರೆ ಊಟ ಬಿಟ್ಟು ಎದ್ದುಹೋಗುತ್ತಿದ್ದವರು ನೀವು. ಕೇಳಲಿಲ್ಲ. ಕೇಳಿದ್ದೀರಿ ಅಂದುಕೊಂಡೇ ಹೇಳುತ್ತೇನೆ.

ನಿಮ್ಮ ಮನೆಗೆ ಬಂದ ಹೊಸತರಲ್ಲಿ ಮಾವನವರ ಯೆಜ್ಡಿ ಇತ್ತಲ್ಲ, ಅದನ್ನು ಒದ್ದು ಸ್ಟಾರ್ಟ್ ಮಾಡುವ ಕಿಕ್ಕರೇ ಆಮೇಲೆ ಗೇರು ಹಾಕುವ ಲಿವರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಲುಕುತ್ತಿದ್ದಿರಿ. ಹಿಂದೆ ಕೂತು ಗುತ್ತೂರಿನಿಂದ ಹರಿಹರ ಮುಟ್ಟುವಷ್ಟರಲ್ಲಿ ನನ್ನ ಸೀರೆಯ ಅಂಚಿಗೆ ಮಸಿ ಬಳಿದಿರುತ್ತಿತ್ತು. ಆದರೂ ಅದು ಹಗುರ ಗಾಡಿ. ನನಗೆ ಅದರ ಮೇಲೆ ಸಿಟ್ಟಿಲ್ಲ.

ಆಮೇಲೆ ನಿಮ್ಮ ಬುಲೆಟ್. ಅದರ ವಿಷಯದಲ್ಲೂ ಅನ್ಯಾಯದ ಮಾತು ಆಡುವುದಿಲ್ಲ. ಆನೆಯ ನಡಿಗೆ ಅದರದು. ಬೀದಿಯ ತುದಿಯಲ್ಲಿ ಸದ್ದು ಕೇಳಿದರೆ ನಾನು ರೊಟ್ಟಿಗೆ ಹೆಂಚು ಇಡುತ್ತಿದ್ದೆ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು; ಬೇರೆಯವರು ಹತ್ತಿದರೆ ಗೇರು ಹಾಕಲು ಹೋಗಿ ಬ್ರೇಕು ತುಳಿಯುತ್ತಿದ್ದರು, ನೀವು ನಗುತ್ತಿದ್ದಿರಿ. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಬಳೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು. ಎಂಟು ವರ್ಷ ಅದರ ಹಿಂದೆ ಒಂದೇ ಮಗ್ಗುಲಿಗೆ ಕೂತೆ. ಆ ಎಂಟು ವರ್ಷ ನಾನು ಕಂಡದ್ದು ರಸ್ತೆಯ ಎಡಭಾಗ ಮಾತ್ರ. ಬಲಗಡೆ ಏನಿದೆ ಎಂದು ನನಗೆ ಗೊತ್ತಾದದ್ದು ಈಗ, ನಲವತ್ತಾರನೇ ವಯಸ್ಸಿನಲ್ಲಿ.

ನನ್ನದು ದೂರ ಪ್ರಯಾಣದ ಗಾಡಿ. ಎತ್ತರ. ಸೀಟು ಇಳಿಸಿಕೊಂಡರೂ ನನ್ನ ಕಾಲ್ಬೆರಳ ತುದಿಗಳು ಮಾತ್ರ ನೆಲ ಮುಟ್ಟುತ್ತವೆ. ತೂಕ ಹತ್ತಿರಹತ್ತಿರ ಎರಡು ಕ್ವಿಂಟಲ್. ಮುಂದೆ ಗಾಳಿ ತಡೆಯುವ ಗಾಜು ಇದೆ. ಅರವತ್ತರ ವೇಗದಲ್ಲಿ ಹೋದರೆ ಸದ್ದೇ ಇಲ್ಲ, ನನ್ನ ಉಸಿರು ನನಗೆ ಕೇಳಿಸುತ್ತದೆ. ಬುಲೆಟ್ಟಿನಲ್ಲಿ ಚಿತ್ರದುರ್ಗ ಮುಟ್ಟುವಾಗ ಕಾಲು ಜೋಮು ಹಿಡಿಯುತ್ತಿತ್ತು. ಇದರಲ್ಲಿ ಹೊಸಪೇಟೆಗೆ ಹೋಗಿ ಅದೇ ದಿನ ವಾಪಸ್ ಬಂದು ಮಾರನೆಯ ದಿನ ಫಸ್ಟ್ ಟ್ರಿಪ್ಪಿಗೆ ಹಾಜರಾದೆ. ತಪ್ಪುಗಳೂ ಇವೆ. ಅರುಣಾ ಸರ್ಕಲ್ಲಿನಲ್ಲಿ ಬಿಸಿಲಿಗೆ ಸಿಕ್ಕಿಕೊಂಡರೆ ಬಲ ಮೊಣಕಾಲಿಗೆ ಇಂಜಿನ್ನಿನ ಕಾವು ಬಡಿಯುತ್ತದೆ. ಹಾರನ್ನು ಮೇಕೆ ಮರಿ ಅರಚಿದ ಹಾಗೆ. ಕಿಕ್ಕರ್ ಇಲ್ಲ, ಬ್ಯಾಟರಿ ಕೈಕೊಟ್ಟರೆ ತಳ್ಳುವವರನ್ನು ಹುಡುಕಬೇಕು. ಇದನ್ನೆಲ್ಲ ತಿಳಿದೇ ಕೊಂಡೆ.

ಕಲಿಸಿದವರು ಹಯಾತ್ ಸಾಬ್, ನಮ್ಮ ಡಿಪೋದ ಹಿಂದಿನ ಗ್ಯಾರೇಜಿನವರು. ನಲವತ್ತು ವರ್ಷದಿಂದ ಗಾಡಿ ಬಿಚ್ಚಿ ಕಟ್ಟುತ್ತಿರುವ ಮನುಷ್ಯ. ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮೂರು ಸಲ ಬೀಳಿಸಿದೆ. ಮೂರೂ ಸಲ ನಿಂತಲ್ಲೇ, ಕಾಲು ಎಟುಕದೆ. ಅವರು ಎತ್ತಲು ಬರಲಿಲ್ಲ. ಬೆನ್ನು ಕೊಟ್ಟು ಎತ್ತುವುದು ಹೇಗೆ ಎಂದು ದೂರದಿಂದಲೇ ಹೇಳಿಕೊಟ್ಟರು. ಮೂರನೇ ಸಲ ನಾನೊಬ್ಬಳೇ ಎತ್ತಿ ನಿಲ್ಲಿಸಿದೆ.

ಜೂನ್ ತಿಂಗಳಲ್ಲಿ ಒಂದು ದಿನ ನೆಲ ಒದ್ದೆಯಾಗಿತ್ತು. ಬ್ರೇಕಿನ ಪಾಠ ಇವತ್ತು ಅಂದರು. ಮೊದಲು ತಮ್ಮ ಹಳೆಯ ಗಾಡಿ ಕೊಟ್ಟು, ಮೆಲ್ಲಗೆ ಓಡಿಸಿ ಹಿಂದಿನ ಬ್ರೇಕನ್ನು ಒಮ್ಮೆಲೇ ತುಳಿಯಲು ಹೇಳಿದರು. ತುಳಿದೆ. ಹಿಂದಿನ ಚಕ್ರ ಬಿಗಿದುಕೊಂಡು ಬಾಲ ಬೀಸಿದ ಹಾಗೆ ಪಕ್ಕಕ್ಕೆ ಸರಿಯಿತು. ಆ ಸರಿಯುವಿಕೆ ನನ್ನ ಮೈಗೆ ಗೊತ್ತಿತ್ತು. ಆಮೇಲೆ, ಚಕ್ರ ಬಿಗಿಯದಂತೆ ತಡೆಯುವ ಬ್ರೇಕಿರುವ ನನ್ನ ಗಾಡಿಯಲ್ಲಿ ಅದನ್ನೇ ಮಾಡಿಸಿದರು. ಕಾಲ ಕೆಳಗೆ ಟಕಟಕ ಎಂದು ನಡುಗಿ, ಚಕ್ರ ಬಿಗಿಯದೆ, ಗಾಡಿ ನೆಟ್ಟಗೆ ನಿಂತಿತು.

ಇಳಿದು ಅವರನ್ನು ಕೇಳಿದೆ. ಹಿಂದೆ ಕೂತ ಹೆಂಗಸು ಅಲುಗಾಡಿದರೆ ಗಾಡಿ ಹೀಗೆ ಸರಿಯುತ್ತದೆಯೇ ಎಂದು. ಅವರಿಗೆ ನಮ್ಮ ಕಥೆ ಗೊತ್ತಿರಲಿಲ್ಲ.

"ಹಿಂದೆ ಕೂತೋರು ಅಲ್ಲಾಡಿದ್ರೆ ಗಾಡಿ ಅಲ್ಲಾಡ್ತೈತಮ್ಮ, ಬೀಳಲ್ಲ" ಅಂದರು. "ಬೀಳೋದು ಹಿಡಿದೋರ ಕೈ ಕಾಲು ತಪ್ಪಿದ್ರೆ."

ಮೈದಾನದ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವರು ನೀರು ತಂದುಕೊಟ್ಟು, ಹೋಗಿ ಗಾಡಿ ಒರೆಸುತ್ತ ನಿಂತರು.

೨೦೧೧ರ ಆಗಸ್ಟ್. ಉಕ್ಕಡಗಾತ್ರಿಯಿಂದ ವಾಪಸ್ ಬರುತ್ತಿದ್ದೆವು. ನನಗೆ ಐದು ತಿಂಗಳು. ಕರಿಬಸವೇಶ್ವರನಿಗೆ ಹಣ್ಣುಕಾಯಿ ಮಾಡಿಸಿದ್ದೆವು. ಕಡರನಾಯಕನಹಳ್ಳಿ ಹತ್ತಿರದ ತಿರುವಿನಲ್ಲಿ ಹನಿ ಬಿದ್ದು ರಸ್ತೆ ಒದ್ದೆಯಾಗಿತ್ತು. ಬುಲೆಟ್ ಬಾಲ ಬೀಸಿತು, ನಾನು ಹೋಗಿ ಭತ್ತದ ಗದ್ದೆಯ ಬದುವಿನ ಮೇಲೆ ಬಿದ್ದೆ. ನಿಮಗೆ ಮೊಣಕೈ ತರಚಿತು. ನನಗೆ ಆದದ್ದು ನಿಮಗೆ ಗೊತ್ತು. ಗಂಡು ಮಗು ಎಂದು ನರ್ಸ್ ಹೇಳಿದಳು. ಯಾಕೆ ಹೇಳಿದಳೋ.

ಮಾರನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಅತ್ತೆ ಕೇಳಿದಾಗ, ಹಿಂದೆ ಕೂತಾಕಿ ಅಲ್ಲಾಡಿದಳು, ತೂಕ ತಪ್ಪಿತು ಅಂದಿರಿ. ನೀವು ಗಾಡಿ ಬಲ್ಲವರು. ನಾನೂ ಅದನ್ನೇ ನಂಬಿದೆ. ಅವತ್ತಿನಿಂದ ಆ ಮಾತು ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ಇತ್ತು. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಅತ್ತೆ ನೇರವಾಗಿ ಅನ್ನುತ್ತಿದ್ದರು, ನೆಂಟರು ಸುತ್ತಿಬಳಸಿ ಅನ್ನುತ್ತಿದ್ದರು. ನೀವು ಒಂದು ದಿನವೂ ಸಾಕು ನಿಲ್ಲಿಸಿ ಅನ್ನಲಿಲ್ಲ. ಏಳು ವರ್ಷ ತಡೆದೆ. ದಿನೇಶನ ಮನೆಯ ಗೃಹಪ್ರವೇಶದಲ್ಲಿ ಯಾರೋ ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ, ಒಂದಿತ್ತು, ಇವಳೇ ಕಳೆದಳು ಎಂದು ಊಟದ ಪಂಕ್ತಿಯಲ್ಲಿ ಹೇಳಿದಿರಿ. ಎಲೆ ಮುಂದಿನಿಂದ ಎದ್ದೆ. ಆವತ್ತು ನಾನು ಹತ್ತಿದ ಬಸ್ಸಿನ ಕಂಡಕ್ಟರ್ ನನ್ನದೇ ಡಿಪೋದವಳು; ನನ್ನ ಮುಖ ನೋಡಿ ಟಿಕೆಟ್ ಕೇಳಲಿಲ್ಲ, ನಾನೇ ತೆಗೆದುಕೊಂಡೆ.

ಒಂದು ಮಾತು ಕೇಳುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತು, ಎರಡೂ ಕೈಯಲ್ಲಿ ಟಿಕೆಟ್ ಹರಿದು ಚಿಲ್ಲರೆ ಕೊಟ್ಟವಳು. ಹರಿಹರದ ಸೇತುವೆಯ ಮೇಲೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗಲೂ ಬಿದ್ದಿಲ್ಲ. ಅಂಥವಳಿಗೆ ಸುಮ್ಮನೆ ಕೂರಲು ಬರಲಿಲ್ಲ ಅಂದಿರಲ್ಲ, ನಿಮಗೆ ಒಮ್ಮೆಯಾದರೂ ಅನುಮಾನ ಬರಲಿಲ್ಲವೇ?

ದಿನೇಶ್ ಬಂದು ಹೋದ ಮೇಲೆ ಬಂದ ರಜೆಯ ದಿನ, ಅಂದರೆ ಹೋದ ಭಾನುವಾರ, ನಾನು ಗಾಡಿ ತೆಗೆದುಕೊಂಡು ಗುತ್ತೂರಿಗೆ, ಅತ್ತೆ ಈಗ ಇರುವ ದಿನೇಶನ ಮನೆಗೆ ಹೋದೆ. ದಿನೇಶ್ ನಿಮಗೆ ಹೇಳಿರಲಿಕ್ಕಿಲ್ಲ. ಅವನ ಮೇಲೆ ಸಿಟ್ಟಾಗಬೇಡಿ, ಹೇಳಬೇಡ ಎಂದವರು ನಿಮ್ಮ ಅವ್ವ. ಅವರು ಬಾಗಿಲಲ್ಲೇ ನಿಂತಿದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಮಂಡಿನೋವಿನಿಂದ ಎರಡು ವರ್ಷ ಆಯಿತು, ಉಕ್ಕಡಗಾತ್ರಿಗೆ ಹೋಗಲಾಗಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಗಾಡಿಗೆ ಹೇಳಿದ ಹಾಗೆ ಹೇಳಿದರು. ಹತ್ತಿ ಅಂದೆ. ದಿನೇಶ್ ಕಾರು ತರಿಸುತ್ತೇನೆ ಎಂದು ಓಡಿ ಬಂದ. "ಬ್ಯಾಡ ಬಿಡು, ಇವಳು ಹೆಂಗೆ ಹೊಡೀತಾಳೆ ನೋಡೇ ಬಿಡ್ತೀನಿ" ಅಂದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಲ್ಲಿಸಿ, ಸೆರಗಿನ ಮೇಲೆ ಹೆಲ್ಮೆಟ್ ಹಾಕಿ ಹತ್ತಿಸಿದೆವು.

ಎಪ್ಪತ್ತೆರಡು ವರ್ಷದ ನಿಮ್ಮ ಅವ್ವ ಭೀಮವ್ವ ಸುಮ್ಮನೆ ಕೂತರೇ? ದಾರಿಯಲ್ಲಿ ಊರ ಗೋಣೆಪ್ಪನ ಕಬ್ಬಿನ ಗದ್ದೆ ಬಂದರೆ ಪೂರ್ತಿ ಹಿಂದೆ ತಿರುಗಿ ನೋಡಿದರು. ಗುರುತಿನವರು ಕಂಡರೆ ಕೈ ಬೀಸಿದರು. ಕಾಲುಂಗುರ ಬಿಗಿಯಾಯಿತು ಎಂದು ಓಡುವ ಗಾಡಿಯಲ್ಲೇ ಬಗ್ಗಿದರು. ಗಾಡಿ ಸ್ವಲ್ಪ ತೊನೆದು ಮತ್ತೆ ನೆಟ್ಟಗಾಯಿತು.

ಕಡರನಾಯಕನಹಳ್ಳಿಯ ತಿರುವಿನಲ್ಲಿ ನಿಲ್ಲಿಸಿ, ಇದೇ ಜಾಗ ಎಂದು ಹೇಳಿದೆ. ಬ್ರೇಕ್ ಬಿಗಿದರೆ ಚಕ್ರ ಹೇಗೆ ಜಾರುತ್ತದೆ ಎಂದು ಮಣ್ಣಿನ ಮೇಲೆ ಕಾಲಿನಿಂದ ಗೀರಿ ತೋರಿಸಿದೆ. ಅವರು ಬಗ್ಗಿ ಆ ಗೀರನ್ನು ನೋಡಿದರು.

"ನಾನು ಇಷ್ಟೊಂದು ಅಲ್ಲಾಡಿದೆ, ಏನೂ ಆಗ್ಲಿಲ್ಲಲ್ಲವಾ" ಅಂದರು. ಆಮೇಲೆ, "ಇಷ್ಟು ವರ್ಷ ನಿನಗ ಅಂದ ಮಾತನ್ನ ನಾನು ಈಗ ಎಲ್ಲಿಗೆ ಹಾಕ್ಲಿ?"

ಇಬ್ಬರೂ ಹೊಳೆಗೆ ಹೋದೆವು, ಕೈಕಾಲು ತೊಳೆದೆವು, ಗದ್ದುಗೆಗೆ ಕಾಯಿ ಒಡೆಸಿದೆವು. ವಾಪಸ್ ಬರುವಾಗ ಅವರು ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡಿದ್ದರು. ಮದುವೆಯಾದ ಮೇಲೆ ಅದೇ ಮೊದಲು.

ಮಾರಿದರೆ ಮನೆಗೆ ಬರಬಹುದು ಅಂದಿರಿ. ನಾನು ಬರುವುದಿಲ್ಲ. ನಗುವವರಿಗೆ ಹೇಳಿ: ದೀಪಾವಳಿ ರಜೆಯಲ್ಲಿ ಗೋಕರ್ಣದವರೆಗೆ ಹೋಗುತ್ತಿದ್ದೇನೆ, ಹರಿಹರದ ಪೇಟೆಯೊಳಗೇ ಹಾದುಹೋಗುತ್ತೇನೆ, ನಿಂತು ನೋಡಲಿ. ನಿಮಗೆ ಮಾತಾಡುವುದಿದ್ದರೆ ನೀವೇ ನಿಟ್ಟುವಳ್ಳಿಗೆ ಬನ್ನಿ. ಕುರ್ಚಿ ಹಾಕುತ್ತೇನೆ, ಚಹಾ ಕೊಡುತ್ತೇನೆ. ಗಾಡಿಯ ಕೀಲಿ ಕೊಡುವುದಿಲ್ಲ.

ಇಂತಿ,
ಮೀನಾಕ್ಷಿ
ಕಂಡಕ್ಟರ್, ದಾವಣಗೆರೆ ಡಿಪೋ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನೀವು ಹೇಳಿದ್ದನ್ನು ನಾನೂ ನಂಬಿದೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಅವತ್ತು ತಿರುವಿನಲ್ಲಿ ನಿಮ್ಮ ಅಂಗಿಯ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು. ನೀವು ಹ್ಯಾಂಡಲಿನಿಂದ ಒಂದು ಕೈ ಬಿಟ್ಟು ಅದನ್ನು ತೆಗೆದಿರಿ, ಎದುರಿಗೆ ಎತ್ತಿನ ಗಾಡಿ ಬಂತು, ಬ್ರೇಕು ತುಳಿದಿರಿ. ನಾನು ನಿಮ್ಮ ಹೆಗಲ ಮೇಲಿಂದ ನೋಡುತ್ತಿದ್ದೆ. ರಾತ್ರಿ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಅತ್ತು, "ಅವ್ವಗ ಹೇಳಬ್ಯಾಡ ಮೀನಾ" ಅಂದಿರಿ. ನಿಮ್ಮ ಅಳು ನೋಡಲಾಗದೆ ಹೂಂ ಅಂದೆ. ಬೆಳಗಾಗುವಷ್ಟರಲ್ಲಿ ನೀವು ನನ್ನ ಹೆಸರು ಹೇಳುತ್ತೀರಿ ಎಂದು ನನಗೇನು ಗೊತ್ತಿತ್ತು? ಕೊಟ್ಟ ಮಾತಿಗೆ ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡೆ. ಎಲ್ಲರೂ ಅಂದಂದು ನನ್ನ ತಪ್ಪೂ ಇತ್ತೇನೋ ಎಂಬ ಅನುಮಾನ ಮಾತ್ರ ಹೊಕ್ಕಿತ್ತು; ಹಯಾತ್ ಸಾಬರನ್ನು ಕೇಳಿದ್ದು ಅದಕ್ಕೇ. ಅತ್ತೆಗೆ ಬ್ರೇಕಿನ ಸಂಗತಿಯಷ್ಟೇ ಹೇಳಿದ್ದೇನೆ, ಮೊಬೈಲಿನದು ಹೇಳಿಲ್ಲ. ಅದನ್ನು ಹೇಳಬೇಕಾದವರು ನೀವು. ಬರುವ ಭಾನುವಾರ ನಾನು ಮತ್ತೆ ಗುತ್ತೂರಿಗೆ ಹೋಗುತ್ತೇನೆ. ಅಷ್ಟರೊಳಗೆ ನೀವು ಹೇಳಿರದಿದ್ದರೆ, ನಾನು ಹೇಳುತ್ತೇನೆ.