ಚೆಲ್ಲಿಹೋದ ಕಟ್ಟು

14 ಮಾರ್ಚ್ 2014, ಶುಕ್ರವಾರ. ಯಲಹಂಕ

ಆಶಾರಾಣಿ ಸವರಿದ ಬೆನ್ನು ಇನ್ನೂ ಉರಿಯುತ್ತಿದೆ. ಟಿವಿಯ ಅಡುಗೆ ಸ್ಪರ್ಧೆಯಲ್ಲಿ ಅವಳು ನನ್ನ ಜೋಡಿ. ಬಸ್ಸಾರಿಗೆಂದು ಸೊಪ್ಪು ಬೇಯಿಸಿ ಬಸಿದಿಟ್ಟ ಕಟ್ಟನ್ನು ಸಿಂಕಿಗೆ ಸುರಿದವಳು ಅವಳೇ. ಸಾರು ಸಪ್ಪೆಯಾಯಿತು. ತೀರ್ಪುಗಾರರ ಮುಂದೆ ನನ್ನ ಬೆನ್ನು ಸವರುತ್ತಾ, "ಆಂಟಿಗೆ ವಯಸ್ಸಾಯ್ತು ಸಾರ್, ಪಾಪ, ಮರ್ತು ಚೆಲ್ಬಿಟ್ರು" ಅಂದಳು. ನನಗೆ ನಲವತ್ತೊಂದು!

ನಾಳೆ ಒಬ್ಬೊಬ್ಬರೇ ರಾಗಿಮುದ್ದೆ ಮಾಡಬೇಕು. ಸಂಜೆ ಅವಳದೇ ಫೋನು: "ಅಕ್ಕಾ, ಹಿಟ್ಟು ಹಾಕಿದ್ ತಕ್ಷಣ ತಿರುವ್ಬೇಕಾ?"

ಈಗ ಅಕ್ಕ.

ಹಿಟ್ಟು ಚೆನ್ನಾಗಿ ಬೇಯುವವರೆಗೂ ಕೋಲು ಆಡಿಸಬಾರದು, ಆಡಿಸಿದರೆ ಬರೀ ಗಂಟು. ನಮ್ಮ ಹುಣಸಮಾರನಹಳ್ಳಿಯಲ್ಲಿ ಮಕ್ಕಳಿಗೂ ಗೊತ್ತು.

"ಹೂಂ ಕಣಮ್ಮ, ತಕ್ಷಣ. ಜೋರಾಗಿ ತಿರುವು" ಅಂದೆ.

ನಾಳೆ ಅವಳ ಬೆನ್ನು ನಾನು ಸವರುತ್ತೇನೆ. "ಸಣ್ಣ ಹುಡುಗಿ ಸಾರ್, ಪಾಪ, ಇನ್ನೂ ಕಲೀತಾಳೆ."

ಕನ್ನಡಿ ಮುಂದೆ ಮೂರು ಸಲ ಹೇಳಿ ನೋಡಿದೆ. ದನಿಯಲ್ಲಿ ಅಕ್ಕರೆ ಇನ್ನೂ ಸಾಲದು.