ಸೊನ್ನೆ ತೋರಿಸಿದ ಕರಿ ಬಿಲ್ಲೆ

ಕಾಕಾ,

ನಿನ್ನ ದ್ರವ ಸಾರಜನಕದ ಕ್ಯಾನ್ ಇನ್ನೂ ಅಂಗಡಿಯ ಮೂಲೆಯಲ್ಲಿದೆ. ತಿಕೋಟಾದ ಸುತ್ತ ಯಾರ ಮನೆಯ ಆಕಳು, ಎಮ್ಮೆ ಬೆದೆಗೆ ಬಂದರೂ ಆ ಕ್ಯಾನ್ ಬೈಕಿಗೆ ಕಟ್ಟಿಕೊಂಡು ನೀನು ಗರ್ಭ ಕಟ್ಟಿಸಲು ಹೋಗುತ್ತಿದ್ದೆ. ವೀರ್ಯದ ಕಡ್ಡಿಗಳು ಅದರ ಚಳಿಯಲ್ಲಿ ಕೆಡದೆ ಇರುತ್ತಿದ್ದವು. ನಿನಗೊಂದು ಸುದ್ದಿ ಹೇಳುವುದಿದೆ. ನನಗೆ ಜನರ ಎದುರು ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ನಿನ್ನೆದುರು ಹೊರಡುತ್ತಿತ್ತು. ಈಗ...

ವಿಜಯಪುರದ ಜಲನಗರದ ಕಾಲೇಜು ಮೇಡಂ ನಮ್ಮ ಅಂಗಡಿಗೆ ಬಂದದ್ದು ನೆನಪಿದೆಯೇ? ತವರಿನ ದ್ರಾಕ್ಷಿ ತೋಟದ ಸುಟ್ಟ ಮೋಟರನ್ನು ನನ್ನ ಹತ್ತಿರ ವೈಂಡಿಂಗಿಗೆ ಹಾಕಿದ್ದರು. ಅದನ್ನು ಒಯ್ಯುವ ದಿನ ಒಂದು ಕರಿ ಬಿಲ್ಲೆಯನ್ನೂ, ಶಾಖ ಮತ್ತು ಅಡ್ಡಿ ಎರಡನ್ನೂ ತೋರಿಸುವ ಸಣ್ಣ ಮೀಟರನ್ನೂ ತಂದರು. ತಾಮ್ರದ ಜೊತೆ ಇನ್ನೇನೇನೋ ಪುಡಿ ಕೂಡಿಸಿ, ಒತ್ತಿ, ಕುಲುಮೆಯಲ್ಲಿ ಬೇಯಿಸಿದ ಬಿಲ್ಲೆ. ಕಾಲೇಜಿನಲ್ಲಿ ಸಾರಜನಕ ತೀರಿತ್ತಂತೆ.

"ಇದನ್ನ ನಿಮ್ಮ ಕ್ಯಾನಿನ್ಯಾಗ ಸಾವಕಾಶ ತಂಪ ಮಾಡ್ರಿ. ಕರೆಂಟಿಗೆ ಎಷ್ಟ ಅಡ್ಡಿ ಆಗ್ತೈತಿ, ಮೀಟರ್ ನೋಡಿ ಬರಕೋರಿ."

"ನಮ್ಮ ಹುಡುಗಿ ಏಳನೇತ್ತೆ ಕಲತಾಳ್ರಿ, ಆದ್ರ ಮೀಟರ್ ಹಿಡದ್ರ ತಪ್ಪಂಗಿಲ್ಲ," ಎಂದು ನೀನು ಕೊಚ್ಚಿಕೊಂಡೆ. "ಏನ್ ಆಗ್ತೈತ್ರಿ ಇದಕ?"

"ಅದನ್ನ ನಾ ಹೇಳಂಗಿಲ್ಲ. ನೀವ ನೋಡಿ ನನಗ ಹೇಳ್ರಿ," ಎಂದು ಅವರು ನಕ್ಕರು.

ಮರುದಿನ ನೀನು ಕಡ್ಡಿಗಳನ್ನೆಲ್ಲ ಇನ್ನೊಂದು ಕ್ಯಾನಿಗೆ ಹಾಕಿದೆ. ನಾನು ಬಿಲ್ಲೆಯನ್ನು ಈ ಕ್ಯಾನಿನೊಳಗೆ ಬೆರಳಷ್ಟು ಬೆರಳಷ್ಟೇ ಇಳಿಸುತ್ತ ಅಂಕಿ ಹೇಳಿದೆ, ನೀನು ಚೀಟಿಯಲ್ಲಿ ಬರೆದೆ. ಶಾಖ ಒಂದು ಮೆಟ್ಟಿಲು ಇಳಿದರೆ ಅಡ್ಡಿಯೂ ಒಂದೇ ಮೆಟ್ಟಿಲು ಇಳಿಯುತ್ತಿತ್ತು. "ಎಷ್ಟ ಶಿಸ್ತ ಬೇ ಇದಕ! ನಿನಕಿಂತ ಚಲೋ ಐತಿ," ಅಂದೆ ನೀನು. ಅಷ್ಟರಲ್ಲಿ ಅಡ್ಡಿಯ ಅಂಕಿ ಒಮ್ಮೆಲೇ ಕುಸಿದು ಸೊನ್ನೆಯಾಯಿತು.

ನಮ್ಮ ಕಸುಬಿನಲ್ಲಿ ಮೀಟರ್ ಸೊನ್ನೆ ತೋರಿಸಿತೆಂದರೆ ಸುರುಳಿ ಶಾರ್ಟ್ ಆಗಿ ಕೆಟ್ಟಿತು ಎಂದೇ ಅರ್ಥ. "ಶಾರ್ಟ್ ಆತು ಕಾಕಾ!" ಎಂದು ಚೀರಿ ಮೇಲಕ್ಕೆಳೆದೆ. ಬಿಲ್ಲೆಗೆ ಹಚ್ಚಿದ್ದ ಮೀಟರಿನ ಒಂದು ತಂತಿ ಕಿತ್ತು ಬಂತು. ನನಗೆ ಅಳು.

"ನನ್ನ ಕೈಲೆ ಕೆಡ್ತು ಅಂತ ಮೇಡಮ್ಮಗ ನಾ ಹೇಳ್ತೇನಿ. ನೀ ಅಳಬ್ಯಾಡ," ಅಂದೆ ನೀನು.

ಆದರೆ ನೀನೂ ಹೇಳಲಿಲ್ಲ. ಮೇಡಂ ತವರಿನ ಆಕಳು ಬೆದೆಗೆ ಬಂದಾಗ ಅವರಿಗೆ ಮುಖ ತೋರಿಸಲಾಗದೆ ಬಬಲೇಶ್ವರದ ನಿನ್ನ ಜೊತೆಗಾರನನ್ನು ಕಳಿಸಿದೆ. ಯಾರ ದನಕ್ಕೂ ಇಲ್ಲ ಅನ್ನದವನು ನೀನು! ಎದೆನೋವೆಂದು ನಿನ್ನನ್ನು ಜೀಪಿನಲ್ಲಿ ಮಲಗಿಸಿದಾಗಲೂ, "ಆ ಬಿಲ್ಲಿ ಕೊಟ್ಟ ಬಾ ಬೇ," ಅಂದೆ. ಅದೇ ನಿನ್ನ ಕೊನೆಯ ಮಾತು.

ಎರಡು ತಿಂಗಳು ನನಗೆ ಧೈರ್ಯವಾಗಲಿಲ್ಲ. ಕಳೆದ ವಾರ ವಿಜಯಪುರದ ಬಸ್ಸು ಹತ್ತಿದೆ. ಮೇಡಂ ಮನೆಯ ಬಾಗಿಲವರೆಗೆ ಹೋಗಿ ಎರಡು ಸಲ ತಿರುಗಿ ನಡೆದೆ. ಮೂರನೆಯ ಸಲ ಬಿಲ್ಲೆಯನ್ನೂ ನಿನ್ನ ಚೀಟಿಯನ್ನೂ ಕೈಗಿಟ್ಟು "ಕೆಡಿಸೀನ್ರಿ" ಅಂದೆ. ಅವರು ಚೀಟಿ ಓದಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

"ಹುಚ್ಚಿ, ಈ ಸೊನ್ನಿ ನೀವು ನೋಡ್ಲಿ ಅಂತನ ಕೊಟ್ಟಿದ್ನಲ್ಲವಾ!"

ಅದು ಸೂಪರ್ ಕಂಡಕ್ಟರ್ ಅಂತೆ ಕಾಕಾ. ಅಷ್ಟು ಚಳಿಯಲ್ಲಿ ಕರೆಂಟು ಅಡ್ಡಿಯೇ ಇಲ್ಲದೆ ಹರಿಯುತ್ತದೆ. ಅದಕ್ಕೂ ವಿಚಿತ್ರ, ಸೊನ್ನೆಗೆ ಮೊದಲು ಅಡ್ಡಿ ಮೆಟ್ಟಿಲು ತಪ್ಪದೆ ಇಳಿದದ್ದು. ನಮ್ಮ ತಾಮ್ರದ ತಂತಿಯ ಅಡ್ಡಿ ತೀರ ಚಳಿಯಲ್ಲಿ ಇಳಿಯುವುದನ್ನು ಬಿಟ್ಟು ಸಪಾಟಾಗುತ್ತದೆ. ಈ ಬಿಲ್ಲೆಯ ಜಾತಿಯ ಕೆಲವು, ಸೊನ್ನೆಗೆ ಬೀಳದಂತೆ ತಡೆದು ಎಷ್ಟು ತಂಪು ಮಾಡಿದರೂ, ಒಂದೇ ಅಳತೆಯಲ್ಲಿ ಇಳಿಯುವ ನೇರ ಗೆರೆ ಬಿಡುವುದಿಲ್ಲ. ಅದಕ್ಕೇ ಅವಕ್ಕೆ ವಿಚಿತ್ರ ಲೋಹ ಎಂದು ಹೆಸರು. ಸೀಸದಂಥವು ಸೊನ್ನೆಗೆ ಹೇಗೆ ಬರುತ್ತವೆಂದು ಕಲಿತವರಿಗೆ ಗೊತ್ತಾಗಿದೆ, ಇದರದು ಗೊತ್ತಾಗಿಲ್ಲ. ಆ ನೇರ ಗೆರೆಯ ಗುಟ್ಟು ತಿಳಿದರೆ ಸೊನ್ನೆಯ ಗುಟ್ಟೂ ತಿಳಿದೀತು ಅನ್ನುತ್ತಾರೆ.

"ನಿಮಗೂ ಗೊತ್ತಿಲ್ರೀ?" ಎಂದೆ.

"ಯಾರಿಗೂ ಪೂರಾ ಗೊತ್ತಿಲ್ಲವಾ."

ಅದನ್ನು ಕೇಳಿ ನೀನು ಎಷ್ಟು ನಗುತ್ತಿದ್ದೆಯೋ.

ಕಿತ್ತ ತಂತಿಯನ್ನು ಮೇಡಂ ಕೂಡಿಸಿ, ಇನ್ನೊಮ್ಮೆ ನೋಡೆಂದು ಬಿಲ್ಲೆಯನ್ನೂ ಚೀಟಿಯನ್ನೂ ಮರಳಿ ಕೊಟ್ಟರು. ನಿನ್ನ ಜೊತೆಗಾರ ಕ್ಯಾನ್ ತುಂಬಿಸಿದ. ನಿನ್ನೆ ಒಬ್ಬಳೇ ಕುಳಿತು ಬಿಲ್ಲೆ ಇಳಿಸಿದೆ. ಅಂಕಿಗಳನ್ನು ಜೋರಾಗಿಯೇ ಹೇಳುತ್ತಿದ್ದೆ. ಬರೆದುಕೊಳ್ಳಲು ಯಾರೂ ಇಲ್ಲವೆಂದು ಮೂರನೆಯ ಅಂಕಿಗೆ ನೆನಪಾಯಿತು. ಸೊನ್ನೆ ಬಂತು. ಈ ಸಲ ಕೈ ಎಳೆಯಲಿಲ್ಲ. ಸಾವಕಾಶ ಮೇಲೆತ್ತಿದರೆ ಅಂಕಿ ಮರಳಿ ಬಂತು. ಇಳಿಸಿದರೆ ಮತ್ತೆ ಸೊನ್ನೆ.

ನಿನ್ನ ಚೀಟಿಯ ಕೊನೆಯ ಸೊನ್ನೆಯ ಮೇಲೆ ನಾನು ಅಂದು ತಪ್ಪೆಂದು ಗೀಟು ಹೊಡೆದಿದ್ದೆ. ಅದರ ಪಕ್ಕದಲ್ಲೇ ಇನ್ನೊಂದು ಸೊನ್ನೆ ಬರೆದಿದ್ದೇನೆ. ನಿನ್ನ ಕೈಯಿಂದ ಏನೂ ಕೆಟ್ಟಿರಲಿಲ್ಲ ಕಾಕಾ.

ನಿನ್ನ,
ಮಲ್ಲವ್ವ